ಮಿಶ್ರಿ ಡಬ್ಬಿಯಲ್ಲಿ ಗುರೆಳ್ಳು ಚಟ್ನಿ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಯೆರವಡಾದ ಚಾಳಿನ ಸಾಲುಮನೆಯಲ್ಲಿ ನಾನೊಂದು ಪೆದ್ದು ಕೆಲಸ ಮಾಡಿದೆ. ತಂಗಿ ಮಹಾದೇವಿಗೆ ಹದಿನೇಳು ವರ್ಷ. ಸುಟ್ಟ ತಂಬಾಕಿನ ಪುಡಿ, ಅಂದರೆ ಮಿಶ್ರಿ, ಹಚ್ಚಿ ಹಲ್ಲು ತಿಕ್ಕದಿದ್ದರೆ ಅವಳಿಗೆ ಬೆಳಗಾಗುವುದಿಲ್ಲ. ನನ್ನ ಹೆಂಡತಿಗೂ ಚಿಕ್ಕಂದಿನಿಂದ ಅದೇ ಚಟವಿತ್ತು. ಹೋದ ವರ್ಷ, ಇಪ್ಪತ್ತಾರಕ್ಕೇ, ಬಾಯಿ ಕ್ಯಾನ್ಸರಿನಿಂದ ತೀರಿಕೊಂಡಳು. ತಂಗಿಗೆ ಹೇಳಿ ಹೇಳಿ ಸಾಕಾಗಿ, ಮಿಶ್ರಿಯನ್ನು ಚೆಲ್ಲಿ ಅದರ ಡಬ್ಬಿಗೆ ಖಾರದ ಗುರೆಳ್ಳು ಚಟ್ನಿಪುಡಿ ತುಂಬಿಟ್ಟೆ. ಎರಡೂ ಕಪ್ಪು.

ಅವಳು ನಳದ ಹತ್ತಿರ ನಿಂತು ಎರಡು ಸಲ ತಿಕ್ಕಿದಳು ಅಷ್ಟೇ.

"ಯವ್ವಾ, ಸತ್ನೆವ್ವಾ!"

ಚಾಳೆಲ್ಲ ಕೊಡ ಬಿಟ್ಟು ಓಡಿ ಬಂತು. ಪಕ್ಕದ ಮನೆಯ ಮರಾಠಿ ಕಾಕು ಡಬ್ಬಿಯೊಳಗೆ ಬೆರಳಿಟ್ಟು ನೆಕ್ಕಿ, "ಅಗಬಾಯೀ, ಚಟಣೀ ಆಹೆ! ಛಾನ್ ಆಹೆ!" ಎಂದು ರುಚಿ ಮೆಚ್ಚಿ ಮತ್ತೊಮ್ಮೆ ನೆಕ್ಕಿದರು.

"ಅಣ್ಣಾ, ಹುಚ್ಚು ಹಿಡದದೇನು ನಿನಗ? ಬಾಯಿ ಸುಟ್ಟು ಹೋತು!"

"ಮಿಶ್ರಿ ಬಿಡು ಅಂತ ಎಷ್ಟು ಸಲ ಹೇಳೀನಿ?"

"ಬಾಗಿಲದಾಗ ಬಿಡ್ಲಾಕ ಅದೇನು ಚಪ್ಪಲೇನು?"

ಒಂದು ಚೂರು ಬೆಲ್ಲ ಕೊಟ್ಟೆ. ಚೀಪುತ್ತ ಕೂತವಳು ಸ್ವಲ್ಪ ಹೊತ್ತಿನ ಮೇಲೆ ತೀರಿಹೋದ ಅತ್ತಿಗೆಯ ಬಗ್ಗೆ ಮೆಲ್ಲಗೆ ಕೇಳಿದಳು, "ವೈನಿ ಬಾಯಿನೂ ಹಿಂಗೇ ಉರೀತಿತ್ತೇನು?"

"ಹಾಲು ಕುಡದರ ಸೈತ ಉರೀತದ ಅಂತಿದ್ದಳು."

ಸಂಜೆ ನಾನು ಕೆಲಸದಿಂದ ಬಂದಾಗ ಬಿಳಿ ಹಲ್ಲುಪುಡಿಯ ಹೊಸ ಡಬ್ಬಿಯೊಂದನ್ನು ತಂಗಿ ತಂದಿಟ್ಟಿದ್ದಳು. ಆದರೆ ನನ್ನನ್ನು ಇನ್ನು ನಂಬುವುದಿಲ್ಲವಂತೆ. ದಿನಾ ಬೆಳಿಗ್ಗೆ ಮೊದಲು ನಾನು ತಿಕ್ಕಿ ತೋರಿಸಬೇಕು, ಆಮೇಲೆ ಅವಳು. ಒಪ್ಪಿಕೊಂಡೆ.