ಶನಿಗ್ರಹ ಮುಟ್ಟಿದ ನಟರಾಜು

ಹಾಸನದಲ್ಲಿ ಕೂತು ಉಪಗ್ರಹಗಳನ್ನು ನಿಭಾಯಿಸುವವರಿದ್ದಾರೆ, ಅದು ದೇಶಕ್ಕೇ ಗೊತ್ತು. ಅವರಿಗೂ ಮೇಲಿನ ಅಧಿಕಾರಿಯೊಬ್ಬ ಹಳ್ಳಿಮೈಸೂರಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಾ ಕೂತಿದ್ದಾನೆ ಎಂಬುದು ನಮ್ಮ ಕಡೆಯವರಿಗೆ ಮಾತ್ರ ಗೊತ್ತು. ಅವನೇ ನಟರಾಜು. ತನ್ನ ಹಳೇ ಸಿಂಥಸೈಜರ್ ಕೀಬೋರ್ಡ್ ಮುಂದೆ ಕೂತರೆ ಸಾಕು, ತಲೆ ಎತ್ತಿ ಮೇಲಕ್ಕೆ ನೋಡುತ್ತಾನೆ. ನುಡಿಸುವ ನಡುವೆ ಮತ್ತೆ ನೋಡಿ, ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ. ಆ ನೋಟದ ಬಗ್ಗೆ ಅರಕಲಗೂಡಿನಲ್ಲಿ ಒಂದು ಕಥೆ, ಹೊಳೆನರಸೀಪುರದಲ್ಲಿ ಇನ್ನೊಂದು. ಗ್ರಹಗಳೇ ಅವನಿಗೆ ಶ್ರುತಿ ಕೊಡುತ್ತವಂತೆ. ಅವನು ಹಾಗೆ ನೋಡಿದಾಗ ನಕ್ಷತ್ರ ಬಿದ್ದದ್ದನ್ನು ಗೊರೂರಿನವರೊಬ್ಬರು ಕಣ್ಣಾರೆ ಕಂಡಿದ್ದಾರೆ. ಅದೂ ಮಟಮಟ ಮಧ್ಯಾಹ್ನ, ಛತ್ರದ ಒಳಗೆ ಕೂತುಕೊಂಡೇ.

ಆ ಸಿಂಥಸೈಜರ್ ಹಾಸನದ ಆರ್ಕೆಸ್ಟ್ರಾವೊಂದು ಬಾಗಿಲು ಹಾಕಿದಾಗ ಸಿಕ್ಕಿದ್ದು. ಈಗಿನವುಗಳ ಹಾಗೆ ಒಳಗೆ ತಬಲವಿಲ್ಲ, ಪಿಟೀಲಿಲ್ಲ. ಮೈತುಂಬ ಗುಂಡಿ, ಒಂದು ಸಲಕ್ಕೆ ಒಂದೇ ಸ್ವರ. ಆದರೆ ಆ ಸ್ವರ ಎಣ್ಣೆ ಸವರಿದ ಹಾಗೆ ಜಾರುತ್ತಾ, ಬೆಳದಿಂಗಳಲ್ಲಿ ಜೋಕಾಲಿ ತೂಗಿದ ಹಾಗೆ ಸಾಗುತ್ತದೆ. ಇದಕ್ಕಾಗಿ ಅವನೇ ಕಟ್ಟಿದ ಕೃತಿ ‘ಭೂಮಿಯಿಂದ ಶನಿಗ್ರಹಕ್ಕೆ’. ಹಾಡಿಲ್ಲ, ಮಾತಿಲ್ಲ, ಬರೀ ಪ್ರಯಾಣ.

ಆ ಪ್ರಯಾಣ ಒಮ್ಮೆಯೂ ಮುಗಿದಿರಲಿಲ್ಲ. ಅವನು ನುಡಿಸುತ್ತಿದ್ದದ್ದು ಮದುವೆ ಊಟದ ಹೊತ್ತಿಗೆ. ನಮ್ಮಲ್ಲಿ ಉಣ್ಣುವವನ ಬೆನ್ನ ಹಿಂದೆಯೇ ಮುಂದಿನ ಪಂಕ್ತಿಯವನು ಕುರ್ಚಿ ಹಿಡಿದು ನಿಂತಿರುತ್ತಾನೆ. ಅವನ ಉಸಿರು ಕತ್ತಿಗೆ ತಾಕುತ್ತಿರುವಾಗ ಯಾರು ತಾನೇ ನಿಧಾನವಾಗಿ ಉಂಡಾರು? ನಟರಾಜು ಚಂದ್ರನನ್ನು ದಾಟುವಷ್ಟರಲ್ಲಿ ಮಜ್ಜಿಗೆ ಬಂದಿರುತ್ತಿತ್ತು. ಮಂಗಳನ ಹತ್ತಿರ ಎಲೆ ಎತ್ತುತ್ತಿದ್ದರು. ಹೊಸಬರನ್ನು ನಡುದಾರಿಯಲ್ಲಿ ಹತ್ತಿಸಿಕೊಳ್ಳುವುದು ಅವನಿಗೆ ಒಗ್ಗದು. ಮತ್ತೆ ಭೂಮಿಯಿಂದಲೇ ಹೊರಡುತ್ತಿದ್ದ.

“ಒಂದ್ಸಲನಾದ್ರೂ ಶನಿ ಮುಟ್ಬೇಕು ಕಣಯ್ಯಾ,” ಎನ್ನುತ್ತಿದ್ದ ನನ್ನ ಹತ್ತಿರ.

ಈಗ ಎಲ್ಲೆಲ್ಲೂ ಡಿಜೆ. ಅವನನ್ನು ಕರೆಯುವವರೇ ಇಲ್ಲ. ಹೋದ ತಿಂಗಳು ಹಿರೀಸಾವೆಯಲ್ಲಿ ಅವನ ಅಕ್ಕನ ಮಗಳು ಕವನಾಳ ಮದುವೆ. ಮಾವನ ಸಂಗೀತವೇ ಬೇಕು ಎಂದು ಹುಡುಗಿ ಹಟ ಹಿಡಿದಿದ್ದಳು. ಇದೇ ಕೊನೇ ಅವಕಾಶವೆಂದು ಅವನಿಗೂ ಗೊತ್ತು, ನನಗೂ ಗೊತ್ತು.

ಕವನಾಳ ಅಪ್ಪ ಮೋಹನ್‌ಕುಮಾರ್ ಮೊದಲೇ ಎಚ್ಚರಿಸಿದರು: “ನೋಡು ನಟರಾಜು, ಒರಗೆ ಜನ ಕಾಯ್ತಾವ್ರೆ. ಬೇಗ್ ಬೇಗ ಬಾರ್ಸು. ನೀನು ತೂಕಡಿಸಿದ್ರೆ ಉಣ್ಣೋರೂ ತೂಕಡಿಸ್ತಾರೆ.”

“ಆಯ್ತು ಭಾವ,” ಎಂದ ಪಾಪ.

ಮೊದಲ ಪಂಕ್ತಿ ಕೂತಿತು. ನಾನು ಕವನಾಳ ಅಪ್ಪನ ತಾಯಿ ಸುಬ್ಬಮ್ಮನವರ ಪಕ್ಕ. ಒಬ್ಬಟ್ಟು ಬಂತು, ಪಲಾವ್ ಬಂತು, ಆಮೇಲೆ ಏನೂ ಬರಲಿಲ್ಲ. ಅಡುಗೆಮನೆಯಲ್ಲಿ ಗ್ಯಾಸ್ ಮುಗಿದು ಅನ್ನ ಅರೆಬೆಂದು ನಿಂತಿತ್ತು. ಬೀಗರು ಅನ್ನ ಸಾರು ಕಾಣದೆ ಎದ್ದರೆ ಮಾನ ಉಳಿದೀತೇ? ಅದೇ ಮೋಹನ್‌ಕುಮಾರ್ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಓಡಿ ಬಂದರು.

“ನಟರಾಜು, ಸಿಲಿಂಡರ್ ತರಕ್ಕೆ ಕಳ್ಸಿವ್ನಿ. ಅನ್ನ ಬೇಯೋಗಂಟ ಯಾರೂ ಏಳ್ದಂಗೆ ನೋಡ್ಕಳಪ್ಪ. ಎಷ್ಟು ದೂರ ಬೇಕಾದ್ರೂ ಓಗು!”

ನಟರಾಜು ಮೇಲೆ ನೋಡಿದ. ಹೊರಟ.

ಚಂದ್ರ ಹಿಂದೆ ಸರಿದ. ಯಾರೂ ಏಳಲಿಲ್ಲ. ಬೆನ್ನ ಹಿಂದೆ ನಿಂತಿದ್ದವರೊಬ್ಬರು ನನ್ನ ಕುರ್ಚಿಯ ಮೇಲೆ ಗಲ್ಲ ಊರಿ ಕಣ್ಣು ಮುಚ್ಚಿದರು. ಮಂಗಳ ಹೋದ, ಗುರು ಹೋದ. ಸುಬ್ಬಮ್ಮ ನನ್ನನ್ನು ತಿವಿದರು.

“ಎಲ್ಲಿಗ್ಲಾ ಓಯ್ತಾವ್ನೆ ಇವ್ನು?”

“ಶನಿಗ್ರಹಕ್ಕೆ ಕಣವ್ವ.”

“ಥೂ! ಮದ್ವೆ ಮನೇಲಿ ಶನಿಯಾ?”

“ಅದ್ರ ಸುತ್ತ ಬಳೆ ಇರ್ತವೆ ಕಣವ್ವ.”

ಅಜ್ಜಿ ಯೋಚಿಸಿದರು. “ಬಳೆ ತೊಟ್ಟದೆ ಅಂದ್ಮೇಲೆ ಓಗ್ಲಿ ಬುಡು. ಮುತ್ತೈದೆ.”

ಇನ್ನೇನು ಶನಿಯ ಬಾಗಿಲು ಎನ್ನುವಾಗ “ಅನ್ನಾ, ಅನ್ನಾ!” ಎಂದು ಬಡಿಸುವವರು ನುಗ್ಗಿದರು. ಮೋಹನ್‌ಕುಮಾರ್ ದೂರದಿಂದಲೇ ‘ಸಾಕು, ನಿಲ್ಲಿಸು’ ಎಂದು ಕೈ ಮಾಡಿದರು. ನಟರಾಜುವಿನ ಬೆರಳು ಒಂದೇ ಸ್ವರದ ಮೇಲೆ ನಿಂತಿತು.

ಸುಬ್ಬಮ್ಮ ಎರಡೂ ಕೈ ಎಲೆಗೆ ಅಡ್ಡ ಹಿಡಿದರು. “ತಡೀರ್ಲಾ! ಆ ಮಗ ಇಳೀಲಿ, ಆಮೇಲೆ ಬಡ್ಸೀರಿ.”

ಹಿರಿಯರೇ ಬೇಡವೆಂದ ಮೇಲೆ ಪಂಕ್ತಿಯಲ್ಲಿ ಬೇರೆ ಯಾರು ಬಡಿಸಿಕೊಳ್ಳುತ್ತಾರೆ? ಸಾಲಿಗೆ ಸಾಲೇ ಎಲೆಗೆ ಕೈ ಅಡ್ಡ ಹಿಡಿಯಿತು. ಹಬೆಯಾಡುವ ಅನ್ನದ ಬೇಸಿನ್ ಹಿಡಿದವರು ಇದ್ದಲ್ಲೇ ನಿಂತರು. ನಟರಾಜು ಆ ಬಳೆಗಳನ್ನು ಒಂದು ಸುತ್ತು ಹಾಕಿದ, ತಲೆ ಎತ್ತಿದ, ಮೆಲ್ಲಗೆ, ಬಲು ಮೆಲ್ಲಗೆ ಶನಿಯ ಮೇಲೆ ಇಳಿದ. ಎಲ್ಲರ ಬಲಗೈಯೂ ಎಂಜಲು, ಹಾಗಾಗಿ ಚಪ್ಪಾಳೆಯಿಲ್ಲ. ಎಡಗೈಯಿಂದ ಮೇಜು ಬಡಿದ ಸದ್ದಿಗೆ ಉಪ್ಪಿನಕಾಯಿ ಬಟ್ಟಲುಗಳು ಕುಣಿದವು.

ಕೈ ತೊಳೆದು ಅವನ ಹತ್ತಿರ ಹೋದೆ.

“ನಟರಾಜು, ಕೊನೇ ಸ್ವರಕ್ಕೆ ಮೇಲೆ ನೋಡ್ದಾಗ ನಿನ್ ಕಣ್ಣಲ್ಲಿ ನೀರಿತ್ತು. ನಿಜ ಹೇಳು, ಇಷ್ಟು ವರ್ಷದಿಂದ ಅಲ್ಲಿ ಏನು ನೋಡ್ತಿದ್ದೆ?”

ಅವನು ಗೋಡೆಯಿಂದ ಪ್ಲಗ್ ಕಿತ್ತು ವೈರ್ ಸುತ್ತುತ್ತಾ ಹೇಳಿದ:

“ಫ್ಯಾನು ಕಣಯ್ಯಾ. ಅದು ನಿಧಾನ ಆದ್ರೆ ವೋಲ್ಟೇಜ್ ಬಿತ್ತು ಅಂತ. ಸುತಿ ಇಳೀತದೆ, ಗುಂಡಿ ತಿರುಗಿಸ್ಬೇಕು. ಇವತ್ತು ಜೋರಾಗೇ ತಿರುಗ್ತಿತ್ತು, ಅದ್ರ ಧೂಳು ಕಣ್ಣಿಗೆ ಬಿತ್ತು.”