ಹುರಿ ಕಟ್ಟಿದ ಸರ್

ನಮ್ಮೂರಿನ ಸರ್ ಆಂಬ್ರೋಸ್ ಅವರದು, ಹೆಸರಿನ ಮುಂದೆ 'ಸರ್' ಹಚ್ಚಿಕೊಳ್ಳುವ ಮನೆತನದ ಬ್ಯಾರೊನೆಟ್ ಬಿರುದೊಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಸೋರುತ್ತದೆ, ಚಾವಣಿಯಿಂದ ಬೂಟಿನವರೆಗೆ. ಗುಂಡಿ ಹೋದ ಕೋಟಿಗೆ ಹುರಿ ಕಟ್ಟಿಕೊಂಡು ನನ್ನ ಪಬ್ಬಿಗೆ ಬರುತ್ತಾರೆ. 'ಸರ್' ಅನ್ನದೆ ಬಿಯರ್ ಕೊಟ್ಟರೆ ಮುಟ್ಟುವುದಿಲ್ಲ. ಬೀದಿನಾಯಿ ಸಿಕ್ಕರೂ ನಿಲ್ಲಿಸಿಕೊಂಡು ವಂಶಾವಳಿ ಒಪ್ಪಿಸುತ್ತಾರೆ. ಈ ಬಿರುದು ವಂಶದ ಗಂಡಸರಿಗಷ್ಟೇ ಇಳಿಯುತ್ತದೆ. ಇವರಿಗಿರುವುದು ಒಬ್ಬಳೇ ಮಗಳು, ವಿನಿಫ್ರೆಡ್. ಕಳೆದ ಭಾನುವಾರ ಇವರ ತಮ್ಮನ ಮಗ ಚರ್ಚಿನ ಗೋಡೆಯಲ್ಲಿ ಬಿರುದು ಹೊತ್ತವರ ಹೆಸರು ಕೆತ್ತಿದ ಕಲ್ಲು ನೋಡಿ ದಂಗಾದ. ಸರ್ ಆಂಬ್ರೋಸ್ ಹೆಸರಿನ ಕೆಳಗೆ, ಉಳಿದಿದ್ದ ಒಂದೇ ಸಾಲಿನಲ್ಲಿ, ವಿನಿಫ್ರೆಡ್ ಹೆಸರು ಹೊಸದಾಗಿ ಕೆತ್ತಿತ್ತು. "ದೊಡ್ಡಪ್ಪ, ಕಾನೂನು ಪ್ರಕಾರ ಮುಂದಿನ ಸರ್ ನಾನಲ್ವಾ?" ಎಂದ. ಇವರು ಹುರಿ ಬಿಗಿದುಕೊಂಡು, "ನೀನೇ ಕಣೋ, ಯಾರು ಬೇಡ ಅಂದ್ರು? ಬಿರುದು ತಗೊಂಡು ಹೋಗು. ಕಲ್ಲಲ್ಲಿ ಜಾಗ ಮುಗೀತು," ಎಂದರು.