ಮುನಾವರನ ಮುಂದಿನ ಹಲ್ಲು

ಗಜೇಂದ್ರಗಡದ ಮುನಾವರನ ಮೇಲಿನ ಸಾಲಿನ ಮುಂದಿನ ಹಲ್ಲು ಅಲ್ಲಾಡುತ್ತಿದೆಯೆಂದು ಮೊದಲು ಪತ್ತೆ ಹಚ್ಚಿದವಳು ಅವನ ಹೆಂಡತಿ ಕಮರುನ್ನಿಸಾ. ಕಡಕ್ ರೊಟ್ಟಿಯನ್ನು ಕಟಕಟ ಕಡಿದು ತಿನ್ನುತ್ತಿದ್ದ ಗಂಡ ಈಚೆಗೆ ಅದನ್ನು ಸಾರಿನಲ್ಲಿ ಮುಳುಗಿಸಿ, ಕೂಸಿಗೆ ಉಣಿಸುವವರ ಹಾಗೆ ಮೆತ್ತಗೆ ಮಾಡಿಕೊಂಡು ನುಂಗುತ್ತಿದ್ದ.

"ಹಲ್ಲು ನೋಯತೈತೇನ್ರಿ?"

"ಇಲ್ಲ. ನಿನ್ನ ರೊಟ್ಟಿ ಭಾಳ ಗಟ್ಟಿ ಆಗಾಕತ್ತಾವು."

ತನ್ನ ರೊಟ್ಟಿಯ ಮೇಲೆ ಗೂಬೆ ಕೂರಿಸಿದರೆ ಯಾವ ಹೆಂಡತಿ ಸುಮ್ಮನಿದ್ದಾಳು? ಕಮರುನ್ನಿಸಾ ಗಂಡನ ಗದ್ದ ಹಿಡಿದು ಬಾಯಿ ತೆರೆಸಿ ನೋಡಿಯೇ ಬಿಟ್ಟಳು. ನೋಡಿದ ಮೇಲೆ ಅವಳ ಮುಖವೂ ಸಣ್ಣದಾಯಿತು.

ಬೇರೆಯವರಿಗೆ ಹಲ್ಲು ಹೋದರೆ ರೊಟ್ಟಿ ತಿನ್ನುವ ಸುಖ ಹೋದೀತು. ಮುನಾವರನಿಗೆ ಅನ್ನವೇ ಆ ಹಲ್ಲಿನ ಮೇಲೆ ನಿಂತಿತ್ತು. ಅವನು ಸ್ಯಾಕ್ಸೋಫೋನ್ ನುಡಿಸುವವನು. ಆ ವಾದ್ಯದ ತುದಿಯ ಮೌತ್‌ಪೀಸ್ ಬಾಯಲ್ಲಿ ಅಲುಗದೆ ಕೂರಬೇಕಾದರೆ ಮೇಲಿನ ಮುಂದಿನ ಹಲ್ಲುಗಳು ಅದನ್ನು ಒತ್ತಿ ಹಿಡಿದಿರಬೇಕು. ಹಲ್ಲು ಅಲುಗಿದರೆ ಮೌತ್‌ಪೀಸ್ ಅಲುಗುತ್ತದೆ, ಅದರ ಹಿಂದೆಯೇ ಸ್ವರವೂ ಅಲುಗುತ್ತದೆ.

ಈ ವಾದ್ಯ ಅವನ ಮನೆಗೆ ಬಂದದ್ದು ಮದುವೆ ಬ್ಯಾಂಡಿನಿಂದ. ಅಪ್ಪ ಅಬ್ದುಲಗನಿ ವರ್ಷವೆಲ್ಲ ಮಗ್ಗದಲ್ಲಿ ಸೀರೆ ನೇಯ್ದು, ಮದುವೆಯ ಕಾಲ ಬಂದೊಡನೆ ಕೆಂಪು ಕೋಟು ತೊಟ್ಟು ಮೆರವಣಿಗೆಯ ಮುಂದೆ ಊದುತ್ತಿದ್ದ. ಮಗ ಊದುವುದನ್ನು ಅಪ್ಪನಿಂದ ಕಲಿತ. ರಾಗವನ್ನು ರೋಣದ ಹಿರಿಯ ಗಾಯಕರೊಬ್ಬರ ಮುಂದೆ ಕೂತು ಕಲಿತ. ಮೊದಲ ದಿನ ಅವರು ಆ ಹಿತ್ತಾಳೆಯ ಕೊಳವೆಯನ್ನು ಕಂಡು, "ಇದನ್ನ ಹೊರಗಿಟ್ಟು ಬಾ," ಎಂದಿದ್ದರು. ಹೊರಗಿಟ್ಟು ಬಂದು ವರ್ಷಗಟ್ಟಲೆ ಬರೀ ಹಾಡಿದ. ಆಮೇಲೊಂದು ಸಂಜೆ ಅವರೇ, "ಎಲ್ಲೈತಿ ಆ ನಿನ್ನ ಬಾಜಾ? ತಗೊಂಡು ಬಾ ನೋಡೂನು," ಎಂದರು. ರಾಗ ಭೀಮಪಲಾಸಿಯಲ್ಲಿ ಮಧ್ಯಮದಿಂದ ಗಾಂಧಾರಕ್ಕೆ ಎಣ್ಣೆ ಜಾರಿದ ಹಾಗೆ ಇಳಿಯುವ ಅವನ ಕೈಚಳಕಕ್ಕೆ ಅವತ್ತು ಗುರುಗಳ ಕಣ್ಣಲ್ಲಿ ನೀರು ಬಂದಿತ್ತು. ಮುನಾವರ ಎಂದರೆ ಆ ಜಾರು ಎಂದು ಸುತ್ತಲಿನ ಸಂಗೀತದವರು ಗುರುತಿಸಿದ್ದರು.

ವಿಶ್ವವಿದ್ಯಾಲಯದವರು ರೋಣದಲ್ಲಿ ಸಂಗೀತ ಶಾಲೆ ತೆರೆದಾಗ ಅವನನ್ನು ಅತಿಥಿ ಉಪನ್ಯಾಸಕನಾಗಿ ಕರೆದರು. ಅತಿಥಿ ಎಂಬುದು ಎಂಥ ಮಾತೋ! ಮನೆಗೆ ಬಂದ ಅತಿಥಿಗೆ ಇನ್ನೊಂದು ದಿನ ಇರಿ ಎಂದು ಒತ್ತಾಯ ಮಾಡುತ್ತಾರೆ. ಇಲ್ಲಿ ಅತಿಥಿಯೇ ಪ್ರತಿ ವರ್ಷ ಇನ್ನೊಂದು ವರ್ಷ ಇರಲೇ ಎಂದು ಕೈಮುಗಿಯಬೇಕು. ಈ ವರ್ಷವಂತೂ ಮುಖ್ಯಸ್ಥ ಮಾಲತೇಶ ಅವನನ್ನು ಕರೆದು, "ಸ್ಯಾಕ್ಸೋಫೋನ್ ಕ್ಲಾಸಿಗೆ ಹುಡುಗ್ರು ಭಾಳ ಕಡಿಮಿ ಅದಾರ್ರಿ. ಮುಚ್ಚೂದೋ ಇಡೂದೋ ಅಂತ ಮ್ಯಾಲಿನವರು ಕೇಳ್ಯಾರ. ವಾರ್ಷಿಕ ಕಾರ್ಯಕ್ರಮಕ್ಕ ಹೊರಗಿನಿಂದ ಒಬ್ರು ಹಿರೇರು ಬರ್ತಾರ. ನಿಮ್ಮ ಕಚೇರಿ ಕೇಳಿ ಅವರು ಏನು ಬರೀತಾರೋ ಅದರ ಮ್ಯಾಲ," ಎಂದಿದ್ದರು.

ಹಲ್ಲು ಅಲ್ಲಾಡಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಿಲ್ಲ ಅದಕ್ಕೆ.

ಗಜೇಂದ್ರಗಡದ ದವಾಖಾನೆಗೆ ಹೋದರೆ ಸುದ್ದಿ ಬಸ್ ನಿಲ್ದಾಣ ಮುಟ್ಟುವುದು ತಡವಾಗದು. ಅದಕ್ಕೇ ಮುನಾವರ ಯಾರಿಗೂ ಹೇಳದೆ ನರಗುಂದದ ಬಸ್ ಹತ್ತಿದ. ದಾರಿಯುದ್ದಕ್ಕೂ, ಗುರುತಿನವರು ಸಿಕ್ಕರೆ ಯಾವ ನೆಂಟನಿಗೆ ಹುಷಾರಿಲ್ಲವೆಂದು ಹೇಳಲಿ ಎಂದು ಲೆಕ್ಕ ಹಾಕುತ್ತ ಕೂತಿದ್ದ. ಅಲ್ಲಿಯ ಹಲ್ಲಿನ ಡಾಕ್ಟರಮ್ಮ ಬೆರಳಿನಿಂದ ಒತ್ತಿ ನೋಡಿದಳು.

"ಒಸಡು ಸೋತೈತ್ರಿ. ಇವತ್ತ ತಗಸಿಬಿಡ್ರಿ."

"ತಗಸಿದ್ರ ಊದಾಕ ಬರತೈತೇನ್ರಿ?"

"ಏನು ಊದಾಕ್ರಿ?"

ಅವನು ವಿವರಿಸಿದ. ಆಕೆ ಪಾಪ, ಪ್ರಾಮಾಣಿಕಳು. "ಅದು ನನಗ ಗೊತ್ತಿಲ್ರಿ. ಗಾಯ ಮಾಯಬೇಕು, ಹೊಸ ಹಲ್ಲು ಕೂಡಿಸಬೇಕು, ತಿಂಗಳುಗಟ್ಟಲೆ ಹಿಡೀತೈತಿ. ಆಮ್ಯಾಲ ನೀವ ಊದಿ ನೋಡಬೇಕು," ಎಂದಳು. ಕಾರ್ಯಕ್ರಮಕ್ಕೆ ಅಷ್ಟು ತಿಂಗಳು ಎಲ್ಲಿದ್ದವು? ಒಸಡಿಗೆ ಹಚ್ಚುವ ಮುಲಾಮು ತೆಗೆದುಕೊಂಡು, ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡು ಊರಿಗೆ ಬಂದ.

ಅಲ್ಲಿಂದ ಅವನಿಗೆ ನೆಮ್ಮದಿ ಎಂಬುದಿಲ್ಲ. ನಾಲಿಗೆ ಸದಾ ಆ ಹಲ್ಲಿನ ಹಿಂದೆಯೇ. ಬಸ್ಸು ಗುಂಡಿಗೆ ಇಳಿದರೆ ಬಾಯಿಗೆ ಕೈ ಅಡ್ಡ. ಪಾಠದಲ್ಲಿ ಮಧ್ಯಮದಿಂದ ಗಾಂಧಾರಕ್ಕೆ ಇಳಿಯುವಾಗ ತುಟಿ ಸಡಿಲಿಸಬೇಕು. ಸಡಿಲಿಸಿದೊಡನೆ ಹಲ್ಲು ಕದಲುತ್ತಿತ್ತು, ಎಣ್ಣೆಯಂತೆ ಜಾರಬೇಕಾದ ಸ್ವರ ನಡುಗುತ್ತಿತ್ತು. ತನ್ನ ಕಿವಿಗೆ ಕೇಳುವುದು ಮಕ್ಕಳಿಗೆ ಕೇಳಲಿಕ್ಕಿಲ್ಲ ಎಂದು ತನ್ನನ್ನು ತಾನೇ ಸಂತೈಸಿಕೊಂಡ.

ಆದರೆ ಯಾವಗಲ್ಲಿನ ಪುಷ್ಪಾವತಿ ಇದ್ದಳಲ್ಲ. ಅವನ ಶಿಷ್ಯರಲ್ಲೆಲ್ಲ ಚುರುಕು ಕಿವಿ ಅವಳದು. ಒಂದು ದಿನ ಸರಿಯಾಗಿ ಆ ಜಾಗಕ್ಕೇ ತಡೆದಳು.

"ಸರ್, ಆ ಗಾಂಧಾರ ಮತ್ತೊಮ್ಮೆ ಊದಿ ತೋರಸ್ರಿ."

ಊದಿದ. ಅವಳು ಕಣ್ಣು ಮುಚ್ಚಿ ಕೇಳಿದಳು. "ಇನ್ನೊಂದು ಸಲರಿ."

ಹುಡುಗಿ ಪತ್ತೆ ಹಚ್ಚಿಬಿಟ್ಟಳು ಎಂದುಕೊಂಡ ಮುನಾವರ. ಹೆದರಿದವನಿಗೆ ಸಿಟ್ಟು ಬೇಗ ಬರುತ್ತದೆ. "ಎಷ್ಟು ಸಲ ಕೇಳತಿ? ತಿಳೀಲಿಲ್ಲಂದ್ರ ಬಿಡು, ಮುಂದಿಂದು ಊದು!" ಎಂದು ಎಲ್ಲರೆದುರು ಗದರಿಸಿದ. ಪುಷ್ಪಾವತಿ ತಲೆ ತಗ್ಗಿಸಿದಳು. ಆಮೇಲೆ ತರಗತಿಯಲ್ಲಿ ಆ ಜಾಗ ಬಂದಾಗಲೆಲ್ಲ ಗಾಂಧಾರವನ್ನು ಮುಟ್ಟಿದಂತೆ ಮಾಡಿ ದಾಟಿಬಿಡುತ್ತಿದ್ದಳು. ತಪ್ಪಿಸಿಕೊಂಡೆ ಎಂದು ಮುನಾವರನೂ ಸುಮ್ಮನಾದ.

ಕಾರ್ಯಕ್ರಮದ ದಿನ ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಅವನು ವೇದಿಕೆ ಹತ್ತಿದ. ಗುರು ನುಡಿಸುವಾಗ ಶಿಷ್ಯರು ಹಿಂದೆ ಕೂತು ಸಾಥ್ ಕೊಡುವುದು ಪದ್ಧತಿ. ಗುರು ಉಸಿರು ತೆಗೆದುಕೊಳ್ಳುವಾಗ ಎಳೆ ಕಡಿಯದ ಹಾಗೆ ಹಿಡಿದುಕೊಳ್ಳಬೇಕು, ಗುರುವನ್ನು ಮೀರಿ ಮುಂದೆ ಹೋಗಬಾರದು. ಹಿಂದೆ ಪುಷ್ಪಾವತಿ ಶಾಲೆಯ ಸ್ಯಾಕ್ಸೋಫೋನ್ ಹಿಡಿದು ಕೂತಿದ್ದಳು. ಹೊರಗಿನ ಹಿರಿಯರು ಮೊದಲ ಸಾಲಿನಲ್ಲಿದ್ದರು. ಮುನಾವರ ಅಲ್ಲಾಹನನ್ನು ನೆನೆದು ಭೀಮಪಲಾಸಿ ಎತ್ತಿದ.

ಷಡ್ಜ ನಿಂತಿತು. ನಿಷಾದವೂ ನಿಂತಿತು. ಹೆದರಿದಷ್ಟೇನೂ ಇಲ್ಲ ಎಂದು ಧೈರ್ಯ ಬಂದು ಮಧ್ಯಮಕ್ಕೆ ಏರಿ ತುಟಿ ಸಡಿಲಿಸಿದ. ಹಲ್ಲು ಸದ್ದಿಲ್ಲದೆ ನಾಲಿಗೆಯ ಮೇಲೆ ಬಿತ್ತು. ಬಾಯಿ ತುಂಬ ಉಪ್ಪುಪ್ಪು ರಕ್ತ. ವಾದ್ಯವನ್ನು ತೊಡೆಯ ಮೇಲಿಳಿಸಿ, ಕೆಮ್ಮು ಬಂದವನ ಹಾಗೆ ಕರವಸ್ತ್ರ ಒತ್ತಿಕೊಂಡು ಹಿಂದೆ ತಿರುಗಿದ. ಪುಷ್ಪಾವತಿ ಎಳೆ ಹಿಡಿದಳು. ಸ್ವಲ್ಪ ಹೊತ್ತು ಹಿಡಿದು, ಇನ್ನು ನೀವು ಎಂಬಂತೆ ಅವನ ಕಡೆ ನೋಡಿದಳು. ಅವನು ಕೈಯಾಡಿಸಿ ಮುಂದೆ ಹೋಗು ಎಂದ. ಅವಳು ಗಾಬರಿಯಾದಳು. ಮತ್ತೆ ಕೈಯಾಡಿಸಿದ. ಬೇರೆ ದಾರಿ ಕಾಣದೆ ಹುಡುಗಿ ಮಧ್ಯಮಕ್ಕೆ ಏರಿ ಗಾಂಧಾರಕ್ಕೆ ಇಳಿದಳು.

ಸ್ವರ ನಡುಗಿತು.

ತನ್ನದೇ ವಾದ್ಯ ಎಂದು ಮುನಾವರ ಬೆಚ್ಚಿ ಕೆಳಗೆ ನೋಡಿದ. ಅದು ತೊಡೆಯ ಮೇಲೆ ತಣ್ಣಗೆ ಬಿದ್ದಿತ್ತು. ಅವಳು ಮತ್ತೆ ಇಳಿದಳು. ಅದೇ ನಡುಕ, ಒಂದು ಎಳೆಯೂ ಹೆಚ್ಚುಕಡಿಮೆಯಿಲ್ಲ. ಮೊದಲ ಸಾಲಿನಿಂದ "ವಾಹ್!" ಎಂಬ ಉದ್ಗಾರ ಬಂತು. ಉಳಿದ ರಾಗವನ್ನೆಲ್ಲ ಪುಷ್ಪಾವತಿಯೇ ನುಡಿಸಿ ಮುಗಿಸಿದಳು. ಚಪ್ಪಾಳೆ ಬಿತ್ತು.

ಹಿರಿಯರು ತಾವಾಗಿ ವೇದಿಕೆಗೆ ಬಂದರು. "ಆ ಗಾಂಧಾರದ ತೂಗು ಎಲ್ಲೂ ಕೇಳಿರಲಿಲ್ಲ ನೋಡ್ರಿ. ಇದು ನಿಮ್ಮದೇ ಮುದ್ರಿ. ಕಚೇರಿ ನಡಬರಕ ಶಿಷ್ಯಳ ಕೈಗೆ ಕೊಟ್ಟು ಕೂತ್ರಲ್ಲ, ಅದಕ್ಕ ದೊಡ್ಡ ಮನಸು ಬೇಕು. ಈ ಕ್ಲಾಸ್ ಮುಚ್ಚಬಾರದು ಅಂತ ಖಂಡಿತ ಬರೀತೇನಿ," ಎಂದು ಅವನ ಕೈ ಹಿಡಿದರು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕರವಸ್ತ್ರದ ಹಿಂದಿನಿಂದ ತಲೆಯಾಡಿಸಿ, ನಾಚಿಕೆಯಿಂದ ಸಾಯುತ್ತ ನಿಂತ.

ಎಲ್ಲರೂ ಚಹಾಕ್ಕೆ ಹೋದ ಮೇಲೆ ತರಗತಿಯ ಕೋಣೆಗೆ ಬಂದ. ಪುಷ್ಪಾವತಿ ವಾದ್ಯ ಒರೆಸುತ್ತಿದ್ದಳು. ಅವಳ ಕೆಳತುಟಿ ಸೀಳಿದ್ದನ್ನು ಅವನು ಅವತ್ತೇ ಕಂಡದ್ದು.

"ಆ ಗಾಂಧಾರ ಎಲ್ಲಿ ಕಲತಿ?"

"ನಿಮ್ಮ ಹತ್ರರಿ ಸರ್! ನೀವು ಊದಿದ್ದು ಕೇಳಿ ಹಿಡಕೊಂಡೆ. ಮೊದಲ ಬರಲೇ ಇಲ್ರಿ. ಶಾಲಿ ಬಾಜಾ ಊರಿಗೆ ಒಯ್ದು ದಿನಾ ಸಂಜಿ ಹೊಲದಾಗ ಕುಂತು ಮಾಡೀನಿ. ತುಟಿ ಒಡೀತು, ಆದ್ರೂ ಬಿಡಲಿಲ್ಲ." ಹೊಗಳಿಕೆಗೆ ಕಾದ ಮುಖ.

ಮುನಾವರ ಕರವಸ್ತ್ರ ತೆಗೆದು ಬಾಯಿ ತೆರೆದ. "ಇದು ಅಲ್ಲಾಡತಿತ್ತವಾ. ಅದಕ್ಕ ಸ್ವರಾನೂ ಅಲ್ಲಾಡತಿತ್ತು. ಅದು ರಾಗ ಅಲ್ಲ, ನನ್ನ ಹಲ್ಲು."

ಅವಳು ಚೇಷ್ಟೆಯೆಂದು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಕಣ್ಣು ತುಂಬಿಬಂದವು.

"ನಾ ಕೇಳಿದಾಗ ಬೈದ್ರಿ. ಅವತ್ತ ಹೇಳಿದ್ರ ಏನಾಗತಿತ್ರಿ ಸರ್?"

ಅವನು ರಕ್ತದ ಕರವಸ್ತ್ರವನ್ನು ಮಡಿಚಿ ಜೇಬಿಗಿಟ್ಟ. ಅವಳೇ ಮತ್ತೆ ಕೇಳಿದಳು.

"ಹಂಗಾರ ಖರೇದು ಹ್ಯಾಂಗ ಐತ್ರಿ? ಊದಿ ತೋರಸ್ರಿ."

ಈ ಸಲ ಇಲ್ಲವೆನ್ನಲು ಬಾಯಿ ಬರಲಿಲ್ಲ. ಮೇಲಿನ ತುಟಿಯನ್ನು ಒಳಕ್ಕೆ ಮಡಿಸಿ, ಹಲ್ಲಿಲ್ಲದ ಜಾಗಕ್ಕೆ ಮೆತ್ತೆ ಮಾಡಿ, ಮೌತ್‌ಪೀಸ್ ಕಚ್ಚದೆ ಬರೀ ತುಟಿಯಿಂದ ಹಿಡಿದು ಊದಿದ. ಕರು ಅರಚಿದ ಹಾಗಾಯಿತು. ನೋವಿಗೆ ಕಣ್ಣು ಕತ್ತಲಿಟ್ಟಿತು. ಮತ್ತೆ ಊದಿದ. ತೆಳ್ಳಗೆ ಮಧ್ಯಮ ಹೊರಟಿತು, ಜಾರಿತು, ನಡುಗದೆ ಗಾಂಧಾರಕ್ಕೆ ಇಳಿದು ನಿಂತಿತು. ಹಲ್ಲು ಹೋದರೂ ಸ್ವರ ಹೋಗಿಲ್ಲ! ಇಷ್ಟು ದಿನಗಳ ಭಯ ಇಳಿದು ಅವನಿಗೆ ಅಳುವೇ ಬಂತು.

"ಕೇಳಿದೇನವಾ? ಹಿಂಗ. ಈಗ ನೀ ಊದು."

ಪುಷ್ಪಾವತಿ ಕಣ್ಣೊರೆಸಿಕೊಂಡು ಊದಿದಳು. ಮಧ್ಯಮ ಚೆನ್ನಾಗಿ ಬಂತು. ಇಳಿಯುವಾಗ ನಡುಗಿತು. ತುಟಿ ಬಿಗಿಮಾಡಿ ಮತ್ತೆ ಊದಿದಳು, ಮತ್ತೆ ನಡುಗಿತು.

"ನಿಲ್ಲವಲ್ದರಿ ಸರ್," ಎಂದಳು.

"ಇನ್ನೊಂದು ಸಲ," ಎಂದ ಮುನಾವರ, ಮೆಲ್ಲಗೆ.

ಅವಳು ಊದುತ್ತಲೇ ಇದ್ದಳು. ಅವನ ಬಾಯಿಂದ ಉದುರಿ ಹೋದ ಹಲ್ಲು ಅವಳ ಸ್ವರದಲ್ಲಿ ಇನ್ನೂ ಅಲ್ಲಾಡುತ್ತಿತ್ತು.